ಹಿತ್ತಿಲಡುಗೆಯ ಕಪಾಟು

ಹಿತ್ತಿಲಲ್ಲಿ ಅಡುಗೆ ಮಾಡುವುದು ನಮ್ಮವರಿಗೆ ಹೊಸದೇನೂ ಅಲ್ಲ. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಬತ್ತ ಬೇಯಿಸುವುದಕ್ಕೆ, ಹಪ್ಪಳಕ್ಕೆಂದು ಹಲಸಿನ ಸೊಳೆ ಬೇಯಿಸುವುದಕ್ಕೆ, ಹಬ್ಬಹುಣ್ಣಿಮೆಗಳಲ್ಲಿ ದೊಡ್ಡ ಹಂಡೆಯನ್ನು ಏರಿಸುವುದಕ್ಕೆ ಮನೆಯ ಹಿಂದೆ ಒಂದು ಒಲೆ ಎಂದಿನಿಂದಲೂ ಇದ್ದೇ ಇತ್ತು. ಆದರೆ ಆ ಒಲೆಯ ಪಕ್ಕದಲ್ಲಿ ಕಪಾಟು ಇರುತ್ತಿರಲಿಲ್ಲ. ಕೆಲಸ ಮುಗಿದೊಡನೆ ಸೌಟು, ಕೊಪ್ಪರಿಗೆ, ಉಪ್ಪಿನ ಮರಿಗೆ ಎಲ್ಲವೂ ಒಳಕ್ಕೆ ಬರುತ್ತಿದ್ದುವು. ಹೊರಗೆ ಉಳಿಯುತ್ತಿದ್ದುದು ಮೂರು ಕಲ್ಲುಗಳು ಮಾತ್ರ. ಈಚಿನ ವರ್ಷಗಳಲ್ಲಿ ಈ ಕ್ರಮವು ಬದಲಾಗಿದೆ. ಹಿತ್ತಿಲಿಗೆ ಗ್ಯಾಸಿನ ಒಲೆ ಬಂದಿದೆ, ತೊಳೆಯುವ ತೊಟ್ಟಿ ಬಂದಿದೆ. ಪಟ್ಟಣಗಳಲ್ಲಿ ಮನೆಯ ತಾರಸಿಯ ಮೇಲೆಯೇ ಅಡುಗೆಯ ಕಟ್ಟೆ ಏಳುತ್ತಿದೆ. ಒಲೆ ಬಂದ ಮೇಲೆ ಡಬ್ಬಿ ಬಾರದೆ ಇರುವುದೆ? ಡಬ್ಬಿ ಬಂದ ಮೇಲೆ ಅದನ್ನು ಇಡಲು ಕಪಾಟು ಬೇಕೇ ಬೇಕು. ತೊಡಕು ಪ್ರಾರಂಭವಾಗುವುದು ಇಲ್ಲಿಯೇ.

ಕುಂದಾಪುರದ ಕಡೆಯಿಂದ ಸೋದರಿಯೊಬ್ಬರು ಬರೆದಿರುವ ಪತ್ರವು ಈ ತೊಡಕನ್ನು ನನಗಿಂತ ಚೆನ್ನಾಗಿ ನಿರೂಪಿಸುತ್ತದೆ. ಅವರ ಅತ್ತೆಯವರಿಗೆ ಉಬ್ಬಸದ ವ್ಯಾಧಿ. ಒಗ್ಗರಣೆಯ ಘಾಟನ್ನಾಗಲಿ ಸೌದೆಯ ಹೊಗೆಯನ್ನಾಗಲಿ ಅವರು ತಾಳಲಾರರು. ಆದಕಾರಣ ಮನೆಯ ಅಡುಗೆಯ ಬಹುಭಾಗವು ಹಿತ್ತಿಲಿನ ಮಾಡಿನ ಕೆಳಗೆ ನಡೆಯುತ್ತದೆ. ಹೋದ ವರ್ಷ ಬೇಸಗೆಯಲ್ಲಿ ಅಂಗಡಿಯವರ ಮಾತನ್ನು ನಂಬಿ ನೀರಿಗೆ ಜಗ್ಗದೆಂದು ಹೇಳಲಾದ ಹಲಗೆಯ ಕಪಾಟೊಂದನ್ನು ಅಲ್ಲಿ ಮಾಡಿಸಿದರು. ಆಷಾಢ ಕಳೆಯುವುದರೊಳಗೆ ಅದರ ಅಡಿಹಲಗೆ ನೆನೆದ ಅವಲಕ್ಕಿಯಂತೆ ಉಬ್ಬಿತು. ಶ್ರಾವಣದಲ್ಲಿ ಬಾಗಿಲೊಂದು ಕೀಲಿನ ಸಹಿತವಾಗಿ ಕಿತ್ತು ಬಂದಿತು. ಅಂದಿನಿಂದ ಪಾತ್ರೆಪದಾರ್ಥಗಳನ್ನು ದಿನಕ್ಕೆ ನಾಲ್ಕು ಸಲ ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಹೊರಬೇಕಾಗಿದೆ. ಬಿರುಮಳೆಯ ದಿನಗಳಲ್ಲಿ ಬೇಸತ್ತು ಅಡುಗೆಯನ್ನು ಒಳಗೇ ಮಾಡುವುದೂ ಉಂಟು, ಆ ರಾತ್ರಿ ಅತ್ತೆಯವರು ಎದ್ದು ಕುಳಿತು ಬೆಳಗು ಮಾಡುವುದೂ ಉಂಟು. ಹಪ್ಪಳ ಮಾರಿ ಕೂಡಿಸಿದ ೪೫,೦೦೦ ರೂಪಾಯಿ ಕೈಯಲ್ಲಿದೆಯಂತೆ. ಭಾವನವರು ತೇಗವೆನ್ನುತ್ತಾರೆ, ಅಂಗಡಿಯವರು ಪ್ಲಾಸ್ಟಿಕ್ಕು ಎನ್ನುತ್ತಾರೆ, ಪಕ್ಕದ ಮನೆಯವರು ಸ್ಟೀಲು ಎನ್ನುತ್ತಾರೆ. “ಇನ್ನೊಂದು ಸಲ ಹಣ ಕಳೆದುಕೊಳ್ಳುವ ಶಕ್ತಿ ನನಗಿಲ್ಲ, ಯಾವುದನ್ನು ಆರಿಸಲಿ?” ಎಂದು ಅವರ ಪ್ರಶ್ನೆ.

ಸಾಮಗ್ರಿಯ ಹೆಸರನ್ನು ಹೇಳುವುದಕ್ಕೆ ಮೊದಲು ಒಂದು ವಿಷಯವನ್ನು ನಿಷ್ಕರ್ಷೆ ಮಾಡಿಕೊಳ್ಳುವುದು ಯುಕ್ತ. ಹೊರಗಿಟ್ಟ ವಸ್ತುವನ್ನು ಕೆಡಿಸುವುದು ಬೀಳುವ ನೀರಲ್ಲ, ನಿಲ್ಲುವ ನೀರು. ಮೇಲೆ ಬಿದ್ದು ಹರಿದುಹೋಗಿ ಒಣಗುವ ನೀರಿನಿಂದ ಮರಕ್ಕಾಗಲಿ ಲೋಹಕ್ಕಾಗಲಿ ಅಷ್ಟಾಗಿ ಹಾನಿಯಿಲ್ಲ; ಸಂದಿನಲ್ಲಿ, ಮೂಲೆಯಲ್ಲಿ, ಮೊಳೆಯ ತಲೆಯ ಕೆಳಗೆ, ನೆಲಕ್ಕೆ ಅಂಟಿದ ಅಡಿಯಲ್ಲಿ ನಿಂತ ನೀರೇ ಶತ್ರು. ಇದಕ್ಕೆ ದೆಹಲಿಯಲ್ಲಿ ಕುತುಬ್ ಮೀನಾರದ ಬಳಿ ಇರುವ ಕಬ್ಬಿಣದ ಸ್ತಂಭವೇ ಸಾಕ್ಷಿ. ಚಂದ್ರನೆಂಬ ರಾಜನ ಸಂಸ್ಕೃತ ಶಾಸನವನ್ನು ಹೊತ್ತು ಸುಮಾರು ೧,೬೦೦ ವರ್ಷಗಳಿಂದ ನಿಂತಿರುವ ಆ ಕಂಬಕ್ಕೆ ತುಕ್ಕು ಹಿಡಿಯಲಿಲ್ಲವೆಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಆ ಕಬ್ಬಿಣದಲ್ಲಿ ರಂಜಕದ ಅಂಶವು ಹೆಚ್ಚಾಗಿದ್ದು, ಅದು ಮೇಲ್ಮೈಯಲ್ಲಿ ತೆಳುವಾದ ರಕ್ಷಾಪದರವೊಂದನ್ನು ಬೆಳೆಯಿಸಿದೆಯೆಂದು ಲೋಹಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ದೆಹಲಿಯ ಒಣಹವೆಯೂ ಅದಕ್ಕೆ ಸಹಕಾರಿಯಾಗಿದೆ. ಆದರೆ ೧೯೬೧ರಲ್ಲಿ ಪುರಾತತ್ತ್ವ ಇಲಾಖೆಯವರು ಅದನ್ನು ಅಗೆದು ನೋಡಿದಾಗ ನೆಲದೊಳಗೆ ಹೂತಿದ್ದ ಭಾಗಕ್ಕೆ ದಪ್ಪನಾಗಿ ತುಕ್ಕು ಹಿಡಿದಿತ್ತು. ಕಬ್ಬಿಣವು ಒಂದೇ, ಕಂಬವು ಬೇರೆಯಲ್ಲ. ಗಾಳಿಯಾಡುವ ಕಡೆ ಉಳಿಯಿತು, ತೇವ ನಿಂತ ಕಡೆ ಸವೆಯಿತು. ನಮ್ಮ ಕಪಾಟಿನ ಗತಿಯೂ ಹೀಗೆಯೇ.

ಇದು ನಿಜವಾದರೆ, ಕೈಯಲ್ಲಿರುವ ಹಣದಲ್ಲಿ ಮೊದಲನೆಯ ಪಾಲು ಕಪಾಟಿಗೆ ಸಲ್ಲತಕ್ಕದ್ದಲ್ಲ, ಅದರ ಮೇಲಿನ ಮಾಡಿಗೆ ಸಲ್ಲತಕ್ಕದ್ದು. ಮಂಗಳೂರು ಉಡುಪಿಗಳ ತೀರದಲ್ಲಿ ವರ್ಷಕ್ಕೆ ಸರಾಸರಿ ೩,೫೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಆ ಮಳೆ ನೆಟ್ಟಗೆ ಬೀಳುವುದೂ ಇಲ್ಲ. ಪಡುವಣ ಗಾಳಿಯ ಬೆನ್ನೇರಿ ಓರೆಯಾಗಿ ಒಳಕ್ಕೆ ನುಗ್ಗುತ್ತದೆ. ಆದುದರಿಂದಲೇ ನಮ್ಮ ಹಿರಿಯರು ಮಾಡನ್ನು ತಗ್ಗಾಗಿ ಇಳಿಸುತ್ತಿದ್ದರು; ಮಳೆಗಾಲಕ್ಕೆ ಮೊದಲು ಪಡುವಣ ಪಕ್ಕಕ್ಕೆ ಮಡಲಿನ ತಟ್ಟಿಯನ್ನು ಕಟ್ಟುತ್ತಿದ್ದರು. ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ಸೋಗೆಯ ಸ್ಥಾನಕ್ಕೆ ಹೆಂಚು ಬಂದಿತು. ಆದರೆ ತಟ್ಟಿ ಕಟ್ಟುವ ವಿವೇಕವು ಮಾತ್ರ ಹೋಗಲಿಲ್ಲ. ಮಾಡನ್ನು ಎರಡಡಿ ಮುಂದಕ್ಕೆ ಚಾಚಿದರೆ ಸಾಧಾರಣವಾದ ಮರವೂ ಬದುಕುವುದು; ಮಾಡಿಲ್ಲದಿದ್ದರೆ ಅತ್ಯುತ್ತಮವಾದ ತೇಗವೂ ಬೂದಿಬಣ್ಣಕ್ಕೆ ತಿರುಗಿ ಬಿರಿಯುವುದು.

ಈಗ ಒಂದೊಂದಾಗಿ ಸಾಮಗ್ರಿಗಳ ಕಡೆಗೆ ಬರೋಣ. ಮೊದಲು ಬೇಡವಾದುದನ್ನು ಹೇಳಿಬಿಡುವೆನು. ಮರದ ಪುಡಿಯನ್ನೋ ನಾರನ್ನೋ ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಗಳು, ಎಂದರೆ ಪಾರ್ಟಿಕಲ್ ಬೋರ್ಡು, ಎಂ.ಡಿ.ಎಫ್. ಎಂದು ಮಾರುವಂಥವು, ಹೊರಗಿನ ಅಡುಗೆಗೆ ಸರ್ವಥಾ ಕೂಡದು. ಅವುಗಳ ಮೇಲಿನ ಹೊಳೆಯುವ ಹಾಳೆ ನೀರನ್ನು ತಡೆಯುವುದು ನಿಜ. ಆದರೆ ಕೊಯ್ದ ಅಂಚಿನಲ್ಲಿ, ತಿರುಪುಮೊಳೆ ಹೊಕ್ಕ ತೂತಿನಲ್ಲಿ ಆ ಹಾಳೆ ಇರುವುದಿಲ್ಲವಷ್ಟೆ. ಒಮ್ಮೆ ಉಬ್ಬಿದ ಪುಡಿಹಲಗೆ ಒಣಗಿದ ಮೇಲೂ ಮೊದಲಿನ ಆಕಾರಕ್ಕೆ ಬರುವುದಿಲ್ಲ, ಮೊಳೆಯನ್ನೂ ಹಿಡಿಯುವುದಿಲ್ಲ. ಆ ಸೋದರಿಯ ಕಪಾಟಿನ ಬಾಗಿಲು ಕಿತ್ತು ಬಂದುದು ಈ ಕಾರಣದಿಂದಲೇ.

ಪ್ಲೈವುಡ್ಡಿನ ವಿಷಯದಲ್ಲಿ ಸ್ವಲ್ಪ ವಿವೇಚನೆ ಬೇಕು. ಅಂಗಡಿಯಲ್ಲಿ ‘ಮೆರೀನ್’ ಎಂದು ಕರೆಯುವ ಹಲಗೆಗೆ ನಮ್ಮ ದೇಶದ ಮಾನಕವು ಐ.ಎಸ್. ೭೧೦. ಅದರ ಅಂಟನ್ನು ಪರೀಕ್ಷಿಸುವುದಕ್ಕಾಗಿ ಹಲಗೆಯ ತುಂಡನ್ನು ೭೨ ಗಂಟೆಗಳ ಕಾಲ ಕುದಿಯುವ ನೀರಿನಲ್ಲಿ ಇಡುತ್ತಾರೆ. ಪದರಗಳು ಬಿಡದಿದ್ದರೆ ಅದು ತೇರ್ಗಡೆ. ಇದು ಕಠಿಣವಾದ ಪರೀಕ್ಷೆಯೇ ಸರಿ. ಆದರೆ ತೇರ್ಗಡೆಯಾದುದು ಮುಖ್ಯವಾಗಿ ಅಂಟು ಎಂಬುದನ್ನು ಮರೆಯಬಾರದು. ಒಳಗಿನ ಮರವು ಮರವೇ. ಅಂಚುಗಳು ತೆರೆದಿದ್ದರೆ ಅದು ನೀರು ಕುಡಿಯುವುದು, ಬೂಷ್ಟು ಹಿಡಿಯುವುದು. ಅಂಚುಗಳಿಗೆಲ್ಲ ಗಟ್ಟಿಮರದ ಪಟ್ಟಿ ಹೊಡೆದು ಬಣ್ಣ ಬಳಿದು ಮಾಡಿನ ಕೆಳಗೆ ಇಡುವುದಾದರೆ ಆಗಬಹುದು, ಬಯಲಿನಲ್ಲಿ ಬೇಡ.

ಮರವೆಂದರೆ ನಮ್ಮವರಿಗೆ ತೇಗದ ಹೆಸರೇ ಮೊದಲು ಬಾಯಿಗೆ ಬರುವುದು. ಅದಕ್ಕೆ ಆ ಗೌರವವು ಸಲ್ಲತಕ್ಕದ್ದೇ. ಅದರ ಕೆಚ್ಚಿನಲ್ಲಿ ಸ್ವಭಾವಸಿದ್ಧವಾಗಿಯೇ ಎಣ್ಣೆಯ ಅಂಶವಿದೆ, ಗೆದ್ದಲಿಗೆ ಸೇರದ ಸತ್ತ್ವವೂ ಇದೆ. ಆದರೆ ಈ ಗುಣವೆಲ್ಲ ಕೆಚ್ಚಿಗೆ ಸೇರಿದುದು. ತೊಗಟೆಯ ಒಳಗಿನ ಬಿಳಿಯ ಭಾಗಕ್ಕೆ ಅದರಲ್ಲಿ ಪಾಲಿಲ್ಲ. ಎಳೆಯ ತೋಪಿನಿಂದ ಬೇಗ ಕಡಿದು ತಂದ ಮರದಲ್ಲಿ ಬಿಳಿಯ ಭಾಗವು ಹೆಚ್ಚು. ಹಲಗೆಯ ಒಂದಂಚು ಕಂದು, ಇನ್ನೊಂದಂಚು ಬಿಳಿ ಇದ್ದರೆ, ತೇಗದ ಬೆಲೆ ಕೊಟ್ಟು ಅರ್ಧ ತೇಗವನ್ನು ಮಾತ್ರ ಕೊಂಡಂತಾಯಿತು. ಇದಕ್ಕಿಂತ, ಕರಾವಳಿಯವರು ತಮ್ಮ ಹಿತ್ತಿಲಿನ ಹಲಸನ್ನೂ ಘಟ್ಟದ ಹೆಬ್ಬಲಸನ್ನೂ ಏಕೆ ಮರೆತರೆಂದು ನನಗೆ ಆಶ್ಚರ್ಯವಾಗುತ್ತದೆ. ಹೆಬ್ಬಲಸಿನಿಂದ ದೋಣಿಗಳನ್ನು ಕಟ್ಟುತ್ತಿದ್ದರು. ಉಪ್ಪುನೀರಿನಲ್ಲಿ ತೇಲುವುದಕ್ಕೆ ಯೋಗ್ಯವಾದುದು ಒಲೆಯ ಪಕ್ಕದಲ್ಲಿ ನಿಲ್ಲುವುದಕ್ಕೆ ಅಯೋಗ್ಯವಾಗುವುದುಂಟೆ?

ಮರವನ್ನು ಆರಿಸಿದ ಮೇಲೆ ಅದನ್ನು ಕೂಡಿಸುವ ರೀತಿಯಲ್ಲಿ ಎಚ್ಚರ ಬೇಕು. ಮರವು ನೀರನ್ನು ಮುಖ್ಯವಾಗಿ ಕುಡಿಯುವುದು ಅಡ್ಡಲಾಗಿ ಕೊಯ್ದ ತುದಿಯಿಂದ. ಏಕೆಂದರೆ ಬದುಕಿದ್ದಾಗ ಬೇರಿನಿಂದ ಎಲೆಗೆ ನೀರು ಏರುತ್ತಿದ್ದ ಸೂಕ್ಷ್ಮನಾಳಗಳ ಬಾಯಿ ತೆರೆದಿರುವುದು ಅಲ್ಲಿಯೇ. ಕಪಾಟಿನ ಕಾಲು ನೆಲಕ್ಕೆ ತಾಗುವ ತುದಿ, ಬಾಗಿಲಿನ ನಿಲುವುಪಟ್ಟಿಯ ಕೆಳತುದಿ, ಇವುಗಳಿಗೆ ಎಣ್ಣೆಯನ್ನು ಮೂರು ನಾಲ್ಕು ಸಲ, ಇನ್ನು ಹೀರದು ಎನ್ನುವವರೆಗೆ ಕುಡಿಸಬೇಕು. ಆಚಾರಿಗಳು ಹೊರಮೈಯನ್ನು ಕನ್ನಡಿಯಂತೆ ಮಾಡಿ ಈ ತುದಿಗಳನ್ನು ಹಾಗೆಯೇ ಬಿಟ್ಟುಹೋಗುವುದು ಸಾಮಾನ್ಯ. ಮನೆಯವರು ಬಗ್ಗಿ ನೋಡತಕ್ಕದ್ದು. ಇನ್ನು, ತೇಗ ಹಲಸುಗಳಂಥ ಮರಗಳಿಗೆ ಬರಿಯ ಕಬ್ಬಿಣದ ಮೊಳೆ ಹೊಡೆದರೆ ಮರದ ಒಗರಿಗೂ ಕಬ್ಬಿಣಕ್ಕೂ ಸಂಯೋಗವಾಗಿ ಮೊಳೆಯ ಸುತ್ತಲೂ ಮಸಿಯಂತೆ ಕಪ್ಪು ಇಳಿಯುವುದು, ಮೊಳೆಯೂ ಸವೆಯುವುದು. ಹಿತ್ತಾಳೆಯ ಅಥವಾ ತುಕ್ಕುಹಿಡಿಯದ ಉಕ್ಕಿನ ತಿರುಪುಮೊಳೆಗಳೇ ಆಗಬೇಕು. ಮರವು ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುವುದು, ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ. ಆದುದರಿಂದ ಬೇಸಗೆಯಲ್ಲಿ ಬಾಗಿಲು ಮಾಡಿಸುವಾಗ ಎರಡು ಕದಗಳ ನಡುವೆ ಒಂದೆರಡು ನಾಣ್ಯಗಳು ತೂರುವಷ್ಟು ಸಂದು ಬಿಡಿಸಿರಿ. ಬೇಸಗೆಯಲ್ಲಿ ಚೆನ್ನಾಗಿ ಕೂಡಿದ ಕದವು ಆಷಾಢದಲ್ಲಿ ತೆರೆಯದಿದ್ದರೆ ಆಚಾರಿಯು ಅದನ್ನು ಹೆರೆಯುವನು. ಹೆರೆದ ಕದವು ಮಾಘದಲ್ಲಿ ಹಲ್ಲುಬಿಡುವುದು.

ವಾರ್ನಿಷಿಗಿಂತ ಎಣ್ಣೆ ಲೇಸು. ವಾರ್ನಿಷು ಬಿಸಿಲಿಗೆ ಬಿರಿದು, ಬಿರುಕಿನಿಂದ ಒಳಹೊಕ್ಕ ನೀರನ್ನು ಹೊರಗೆ ಬಿಡದೆ ಹಿಡಿದಿಡುವುದು. ಎಣ್ಣೆಯಾದರೆ ವರ್ಷಕ್ಕೊಮ್ಮೆ ಬಟ್ಟೆಯಲ್ಲಿ ಒರಸಿದರೆ ಸಾಕು. ಹೀಗೆ ಲೇಪನ ಮಾಡುವ ವಿದ್ಯೆ ನಮ್ಮಲ್ಲಿ ಪ್ರಾಚೀನವಾದುದೇ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕಾಗಿಯೇ ಒಂದು ಅಧ್ಯಾಯವಿದೆ. ಕಾಯಿಗಳನ್ನೂ ತೊಗಟೆಗಳನ್ನೂ ನೀರಿನಲ್ಲಿ ಕುದಿಸಿ ಎಂಟನೆಯ ಒಂದು ಪಾಲಿಗೆ ಇಳಿಸಿ, ಗುಗ್ಗುಳ ಭಲ್ಲಾತಕಾದಿಗಳನ್ನು ಬೆರೆಸಿ, ಬಿಸಿಯಾಗಿರುವಾಗಲೇ ದೇವಾಲಯದ ಗೋಡೆಗೂ ಬಾವಿಗೂ ಬಳಿಯತಕ್ಕದ್ದೆಂದು ಅಲ್ಲಿನ ವಿಧಿ. ಆ ಭಲ್ಲಾತಕದ ಹತ್ತಿರದ ಬಂಧುವೇ ನಮ್ಮ ಕರಾವಳಿಯ ಗೇರು. ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆಯನ್ನು ದೋಣಿಗೂ ಮಾಡಿನ ಮರಕ್ಕೂ ಬಳಿಯುವ ರೂಢಿಯನ್ನು ಹಳಬರು ಬಲ್ಲರು. ಗೆದ್ದಲು ಅದರ ಬಳಿಗೆ ಸುಳಿಯದು. ಆದರೆ ಅದು ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುವುದು. ಕಪಾಟಿನ ಹಿಂಬದಿಗೆ, ಕಾಲಿನ ಅಡಿಗೆ, ಕೈಗೆ ಚೀಲ ಹಾಕಿಕೊಂಡು ಬಳಿಯಬಹುದೇ ಹೊರತು, ಪಾತ್ರೆ ಇಡುವ ಒಳಭಾಗಕ್ಕೆ ಎಂದಿಗೂ ಬಳಿಯಕೂಡದು.

ಇನ್ನು ಉಕ್ಕು. ತುಕ್ಕುಹಿಡಿಯದ ಉಕ್ಕೆಂಬುದು ೧೯೧೩ರಲ್ಲಿ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತನ ಪ್ರಯೋಗಗಳಿಂದ ಪ್ರಸಿದ್ಧಿಗೆ ಬಂದ ವಸ್ತು. ಅದರಲ್ಲಿ ಕ್ರೋಮಿಯಂ ಶೇಕಡ ೧೦.೫ಕ್ಕೆ ಕಡಮೆಯಿರುವುದಿಲ್ಲ, ಆ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಕೂಡಿ ಕಣ್ಣಿಗೆ ಕಾಣದಷ್ಟು ತೆಳುವಾದ ಹೊದಿಕೆಯಾಗಿ ಮೈಮುಚ್ಚುವುದು. ಗೀರಿದರೂ ಆ ಹೊದಿಕೆ ತಾನಾಗಿಯೇ ಮತ್ತೆ ಬೆಳೆಯುವುದು. ‘ಸ್ಟೀಲು’ ಎಂಬ ಒಂದೇ ಹೆಸರಿನಲ್ಲಿ ಅಂಗಡಿಯವರು ಮಾರುವುದು ಮಾತ್ರ ಹಲವು ಜಾತಿಗಳನ್ನು. ೩೦೪ ಎಂಬುದರಲ್ಲಿ ಕ್ರೋಮಿಯಂ ಸುಮಾರು ೧೮, ನಿಕ್ಕಲ್ ಸುಮಾರು ೮ ಪಾಲು. ೨೦೨ ಎಂಬುದರಲ್ಲಿ ಬೆಲೆಯುಳ್ಳ ನಿಕ್ಕಲನ್ನು ಕಡಮೆ ಮಾಡಿ ಮ್ಯಾಂಗನೀಸನ್ನು ಸೇರಿಸಿರುತ್ತಾರೆ. ಅದು ಒಳಗಿನ ಬಳಕೆಗೆ ಆದೀತು, ಕಡಲ ಗಾಳಿಗೆ ಆಗದು. ೩೧೬ ಎಂಬುದರಲ್ಲಿ ಎರಡು ಮೂರು ಪಾಲು ಮಾಲಿಬ್ಡಿನಂ ಇರುವುದರಿಂದ ಅದು ಉಪ್ಪಿಗೆ ಎಲ್ಲಕ್ಕಿಂತ ಚೆನ್ನಾಗಿ ಎದುರುನಿಲ್ಲುವುದು, ಬೆಲೆಯೂ ಹಾಗೆಯೇ ಏರುವುದು.

ಇಲ್ಲಿ ಒಂದು ಮೋಸವನ್ನು ವಾಚಕರಿಗೆ ತಿಳಿಸುವುದು ನನ್ನ ಕರ್ತವ್ಯ. ಕೆಲವು ಅಂಗಡಿಗಳಲ್ಲಿ ಅಯಸ್ಕಾಂತವನ್ನು ತಗಡಿಗೆ ಹಿಡಿದು, “ನೋಡಿರಿ, ಅಂಟಲಿಲ್ಲ, ಇದು ೩೦೪” ಎಂದು ತೋರಿಸುವರು. ಅಯಸ್ಕಾಂತವು ೩೦೪ಕ್ಕೆ ಅಂಟದಿರುವುದು ನಿಜ, ೨೦೨ಕ್ಕೂ ಅಂಟುವುದಿಲ್ಲವಲ್ಲ! ತರ್ಕಶಾಸ್ತ್ರದಲ್ಲಿ ಇಂಥ ಹೇತುವನ್ನು ವ್ಯಭಿಚಾರಿಯೆನ್ನುವರು: ಎರಡು ಪಕ್ಷಗಳಿಗೂ ಸಲ್ಲುವ ಲಕ್ಷಣವು ಯಾವುದನ್ನೂ ಸಾಧಿಸದು. ತಗಡಿನ ಜೊತೆಯಲ್ಲಿ ಕಾರ್ಖಾನೆಯವರು ಕೊಡುವ ಪರೀಕ್ಷಾಪತ್ರವನ್ನು ಕೇಳಬೇಕು, ಬಿಲ್ಲಿನಲ್ಲಿ ಸಂಖ್ಯೆಯನ್ನು ಬರೆಯಿಸಿಕೊಳ್ಳಬೇಕು. ಬರೆದುಕೊಡಲು ಹಿಂಜರಿಯುವವನ ಸರಕನ್ನು ಕೊಳ್ಳದಿರುವುದೇ ಮೇಲು.

ಕಡಲ ಬಳಿಯಲ್ಲಿ ಉಕ್ಕಿಗೆ ಇನ್ನೊಂದು ವಿಚಿತ್ರ ಸ್ವಭಾವವುಂಟು. ಬಯಲಿನಲ್ಲಿರುವ ತಗಡಿಗಿಂತ ಮಾಡಿನ ಕೆಳಗೆ ಮಳೆ ತಾಗದಂತೆ ಇರುವ ತಗಡಿಗೇ ಕಂದುಕಲೆ ಬೇಗ ಬೀಳುವುದು. ಏತಕ್ಕೆಂದರೆ, ಗಾಳಿ ತಂದು ಕೂಡಿಸಿದ ಉಪ್ಪನ್ನು ಬಯಲಿನಲ್ಲಿ ಮಳೆಯೇ ತೊಳೆದುಬಿಡುವುದು. ಮಾಡಿನ ಕೆಳಗೆ ತೊಳೆಯುವವರು ನಾವೇ. ತಿಂಗಳಿಗೆ ಎರಡು ಸಲವಾದರೂ ಸಿಹಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ ಒಣಗಿಸಿದರೆ ೩೦೪ ಕೂಡ ಬಹುಕಾಲ ಮುಖ ಕೆಡಿಸಿಕೊಳ್ಳದೆ ಇರುವುದು. ಪಾತ್ರೆ ತಿಕ್ಕುವ ಕಬ್ಬಿಣದ ನಾರಿನಿಂದ ಮಾತ್ರ ಉಜ್ಜಬೇಡಿರಿ. ಆ ನಾರಿನ ಕಣಗಳು ಮೈಗೆ ಅಂಟಿಕೊಂಡು ಅವೇ ತುಕ್ಕು ಹಿಡಿಯುವುವು. ನೆಲ ತೊಳೆಯುವ ಆಸಿಡ್ಡಿನ ಸೀಸೆಯನ್ನು ಸ್ಟೀಲಿನ ಕಪಾಟಿನೊಳಗೆ ಇಡುವುದಂತೂ ಕಳ್ಳನಿಗೆ ಮನೆಯ ಬೀಗದ ಕೈ ಕೊಟ್ಟಂತೆ. ಅದರ ಆವಿಯೇ ಸಾಕು.

ಅಲ್ಯುಮಿನಿಯಂ ಹಗುರ, ತುಕ್ಕಿಲ್ಲ, ಬೆಲೆಯೂ ಮಧ್ಯಮ. ಅದಕ್ಕೆ ಎರಡು ವೈರಿಗಳು. ಹಸಿ ಸಿಮೆಂಟು ತಾಗಿದರೆ ಅದರ ಕ್ಷಾರಕ್ಕೆ ಮೈ ಸುಲಿಯುವುದು. ಉಪ್ಪುಗಾಳಿಯಲ್ಲಿ ಬೇರೆ ಲೋಹದೊಡನೆ ಬೆಸೆದರೆ ತೇವದ ಮೂಲಕ ವಿದ್ಯುತ್ತು ಹರಿದು ಅಲ್ಯುಮಿನಿಯಂ ಕರಗುತ್ತ ಬರುವುದು. ಉಕ್ಕಿನ ತಿರುಪುಮೊಳೆ ಹಾಕಲೇಬೇಕಾದರೆ ನಡುವೆ ನೈಲಾನಿನ ಬಿಲ್ಲೆಯನ್ನು ಇರಿಸತಕ್ಕದ್ದು. ಪಿ.ವಿ.ಸಿ. ಹಲಗೆಗಳು ನೀರಿಗೆ ಉಬ್ಬವು, ಗೆದ್ದಲಿಗೆ ರುಚಿಸವು. ಆದರೆ ಬಿಸಿಗೆ ಮೆತ್ತಗಾಗುವುವು. ಕುದಿಯುವ ನೀರಿಗಿಂತ ಕಡಮೆಯ ಶಾಖದಲ್ಲಿಯೇ ಅವು ಸೊರಗುವುದರಿಂದ ಒಲೆಯ ಮಗ್ಗುಲಿಗೆ ಸಲ್ಲವು; ತೂಕದ ಬಾಗಿಲಿನ ಕೀಲುಗಳೂ ಅವುಗಳಲ್ಲಿ ಭದ್ರವಾಗಿ ನಿಲ್ಲವು. ಒಲೆಯಿಂದ ದೂರದಲ್ಲಿ, ನೆರಳಿನಲ್ಲಿ, ಹಗುರವಾದ ಸಾಮಾನಿಗೆ ಆಗಬಹುದು.

ಕಲ್ಲಿನ ಮಾತನ್ನು ಕೊನೆಗೆ ಉಳಿಸಿಕೊಂಡೆನು, ಅದು ನನ್ನ ಪಕ್ಷಪಾತವೆಂದು ಬೇಕಾದರೆ ವಾಚಕರು ಹೇಳಲಿ. ಕಪಾಟಿನಲ್ಲಿ ಹೆಚ್ಚಾಗಿ ಕೆಡುವುದು ಬಾಗಿಲಲ್ಲ. ಅಡಿ, ಪಕ್ಕ, ಹಿಂಬದಿ. ಈ ಮೂರನ್ನು ಮರದಿಂದಲೋ ಹಲಗೆಯಿಂದಲೋ ಏಕೆ ಮಾಡಬೇಕು? ಕರಾವಳಿಯ ಮುರಕಲ್ಲು ಅಗೆಯುವಾಗ ಕೊಡಲಿಗೆ ಒಳಗಾಗುವಷ್ಟು ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವುದು. ಈ ಗುಣವನ್ನು ಮಲಬಾರಿನ ಅಂಗಾಡಿಪುರದಲ್ಲಿ ಕಂಡು, ಇಟ್ಟಿಗೆಯೆಂಬರ್ಥದ ಲ್ಯಾಟಿನ್ ಶಬ್ದದಿಂದ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟು ೧೮೦೭ರಲ್ಲಿ ಗ್ರಂಥಸ್ಥ ಮಾಡಿದವನು ಫ್ರಾನ್ಸಿಸ್ ಬುಕನನ್. ನಮ್ಮವರು ಅದಕ್ಕೆ ಎಷ್ಟೋ ಮೊದಲಿನಿಂದ ಅದರಲ್ಲಿ ಮನೆ, ಬಾವಿ, ದೇವಸ್ಥಾನಗಳನ್ನು ಕಟ್ಟಿಕೊಂಡಿದ್ದರು. ಮುರಕಲ್ಲಿನ ಎರಡು ಮೂರು ಗಿಡ್ಡಗೋಡೆಗಳ ಮೇಲೆ ಕರಿಗಲ್ಲಿನ ಚಪ್ಪಡಿ, ನಡುವೆ ಕಡಪಾ ಕಲ್ಲಿನ ತಟ್ಟುಗಳು: ಇಷ್ಟಾದರೆ ಕಪಾಟಿನ ದೇಹವು ಸಿದ್ಧ. ಕಡಪಾ ಕಲ್ಲು ಸುಣ್ಣದ ಜಾತಿಯದಾದುದರಿಂದ ಹುಳಿ, ನಿಂಬೆರಸ ಬಿದ್ದ ಕಡೆ ಬೆಳ್ಳಗೆ ಕಲೆಯಾಗುವುದು. ಆದುದರಿಂದ ಅದು ಒಳತಟ್ಟಿಗೆ, ಕೆಲಸ ಮಾಡುವ ಮೇಲ್ಭಾಗಕ್ಕೆ ಕರಿಗಲ್ಲು. ಮೇಲಿನ ಚಪ್ಪಡಿಯ ಕೆಳಮೈಯಲ್ಲಿ ಅಂಚಿನಿಂದ ಒಂದಂಗುಲ ಒಳಕ್ಕೆ ಉದ್ದಕ್ಕೂ ಒಂದು ಗೀರನ್ನು ಕೊರೆಯಿಸಿದರೆ ನೀರು ಆ ಗೀರನ್ನು ದಾಟಲಾರದೆ ಅಲ್ಲಿಯೇ ತೊಟ್ಟಿಕ್ಕುವುದು, ಬಾಗಿಲಿನ ಮೇಲೆ ಇಳಿಯದು. ಅರ್ಧ ದಿನದ ಈ ಕೂಲಿಯಿಂದ ಆಗುವಷ್ಟು ಉಪಕಾರವು ದುಬಾರಿಯಾದ ಬಣ್ಣದಿಂದಲೂ ಆಗದು. ಕಬ್ಬಿಣದ ಸರಳು ಹಾಕಿದ ತೆಳುವಾದ ಸಿಮೆಂಟು ಹಲಗೆಗಳನ್ನು ಮಾತ್ರ ಕಡಲ ಬಳಿಯವರು ತಟ್ಟಿಗೆ ಬಳಸದಿರುವುದು ಲೇಸು. ಉಪ್ಪು ಒಳಹೊಕ್ಕು ಸರಳು ತುಕ್ಕಾಗಿ ಉಬ್ಬಿದರೆ ಸಿಮೆಂಟು ಸಿಪ್ಪೆಸಿಪ್ಪೆಯಾಗಿ ಉದುರುವುದು.

ಕುಂದಾಪುರದ ಸೋದರಿಗೆ ನನ್ನ ಉತ್ತರವು ಇದರಿಂದಲೇ ಸ್ಪಷ್ಟವಾಗಿರಬಹುದು. ತೇಗವೂ ಬೇಡ, ಪ್ಲಾಸ್ಟಿಕ್ಕೂ ಬೇಡ. ಪೂರ್ತಿಯಾಗಿ ಸ್ಟೀಲಿನಿಂದ ಮಾಡಿಸಿ ಕೈ ಬರಿದು ಮಾಡಿಕೊಳ್ಳುವುದೂ ಬೇಡ. ಮೊದಲು ಮಾಡನ್ನು ಪಡುವಣಕ್ಕೆ ಚಾಚಿಸಿರಿ. ಅನಂತರ ನೆಲದಿಂದ ಆರಂಗುಲ ಎತ್ತರಕ್ಕೆ ಕಟ್ಟೆ, ಅದರ ಮೇಲೆ ಮುರಕಲ್ಲಿನ ಗೋಡೆ, ಕಲ್ಲಿನ ತಟ್ಟು. ಕೀಲು, ಚಿಲಕ, ತಿರುಪುಮೊಳೆಗಳಲ್ಲಿ ಕಾಸಿನ ಮುಖ ನೋಡದೆ ೩೧೬ರವನ್ನೇ ಕೊಳ್ಳಿರಿ. ಇವು ಒಟ್ಟಿನಲ್ಲಿ ತೂಗುವುದು ಒಂದೆರಡು ಸೇರು ಮಾತ್ರ, ಆದರೆ ಕಪಾಟಿನ ಆಯುಸ್ಸೆಲ್ಲ ಇವುಗಳ ಕೈಯಲ್ಲಿದೆ. ಉಳಿದುದು ಬಾಗಿಲು. ಪತ್ರದ ಅಂಚಿನಲ್ಲಿ ಅವರು ಒಂದು ಮಾತನ್ನು ಸಣ್ಣಕ್ಷರದಲ್ಲಿ ಬರೆದಿದ್ದಾರೆ: ಅಟ್ಟದ ಮೇಲೆ ಹಳೆಯ ಕಣಜದ ಹಲಸಿನ ಹಲಗೆಗಳಿವೆ, ಆದರೆ ಅತ್ತೆಯವರಿಗೆ ಅವನ್ನು ಕೊಯ್ಯಿಸಲು ಮನಸ್ಸಿಲ್ಲ. ಎಷ್ಟೋ ವರ್ಷ ಒಣಗಿ ಇನ್ನು ಹಿಗ್ಗುಕುಗ್ಗುಗಳ ಚೇಷ್ಟೆ ಕಡಮೆಯಾಗಿರುವ ಅಂಥ ಹಲಗೆಯು ಪೇಟೆಯಲ್ಲಿ ಹಣ ಕೊಟ್ಟರೂ ಸಿಕ್ಕದು. ಬಾಗಿಲಿಗೆ ಅದಕ್ಕಿಂತ ಉತ್ತಮವಾದ ಮರವನ್ನು ನಾನು ಹೇಳಲಾರೆ. ಆದರೆ ಆ ಕಣಜದಲ್ಲಿ ಮನೆಯ ಬತ್ತವನ್ನು ತುಂಬಿಸಿ ಬರಿದು ಮಾಡಿ ಒಂದು ಜೀವಮಾನವನ್ನು ಕಳೆದವರು ಅವರು. ಅವರನ್ನು ಬಲವಂತಪಡಿಸುವುದು ಯುಕ್ತವಲ್ಲ. ಕಪಾಟಿನ ನಕ್ಷೆಯನ್ನು ಅವರ ಮುಂದಿಟ್ಟು, “ಅತ್ತೆ, ಬಾಗಿಲಿಗೆ ಯಾವ ಮರ ಹಾಕಿಸೋಣ?” ಎಂದು ಅವರನ್ನೇ ಕೇಳಿರಿ. ಅಟ್ಟದ ಕಡೆಗೆ ಅವರೇ ಕೈ ತೋರಿಸಿದರೆ ಆಯಿತು. ತೋರಿಸದಿದ್ದರೆ ೩೦೪ರ ಚೌಕಟ್ಟಿಗೆ ತಗಡು ಹೊಡೆದ ಬಾಗಿಲನ್ನು ಹಾಕಿಸಿ, ಹಲಗೆಗಳು ಅಟ್ಟದಲ್ಲಿಯೇ ಇರಲಿ.

ಬೆಂಗಳೂರಿನಲ್ಲಿ ತಾರಸಿಯ ಮೇಲೆ ಅಡುಗೆ ಮಾಡುವವರ ಸ್ಥಿತಿ ಬೇರೆ. ಅಲ್ಲಿ ಮಳೆ ಕರಾವಳಿಯ ಮೂರನೆಯ ಒಂದು ಪಾಲಿಗೂ ಕಡಮೆ, ಉಪ್ಪುಗಾಳಿಯಿಲ್ಲ. ೩೧೬ರ ವೆಚ್ಚವು ವ್ಯರ್ಥ, ೩೦೪ ಧಾರಾಳವಾಗಿ ಸಾಕು. ಆದರೆ ತಾರಸಿಯ ಮೇಲೆ ಕಲ್ಲುಗೋಡೆಯನ್ನು ಏರಿಸುವ ಮೊದಲು ಕೆಳಗಿನ ಛಾವಣಿಯು ಆ ಭಾರವನ್ನು ಹೊರಬಲ್ಲುದೇ ಎಂದು ಇಂಜಿನಿಯರರನ್ನು ಕೇಳಲೇಬೇಕು. ಅಲ್ಯುಮಿನಿಯಂ ಚೌಕಟ್ಟು ಅಂಥಲ್ಲಿ ಅನುಕೂಲ. ಬಳ್ಳಾರಿ ರಾಯಚೂರುಗಳ ಕಡೆ ನೀರಿಗಿಂತ ಬಿಸಿಲೇ ಪ್ರಬಲ. ಅಲ್ಲಿ ಬಯಲಿಗಿಟ್ಟ ಲೋಹದ ಬಾಗಿಲನ್ನು ಮಧ್ಯಾಹ್ನ ಮುಟ್ಟುವಂತಿರುವುದಿಲ್ಲ, ಪ್ಲಾಸ್ಟಿಕ್ಕು ಸೊಟ್ಟಗಾಗುವುದು. ನೆರಳು ಮಾಡಿ ಕಲ್ಲಿನ ತಟ್ಟು, ಮರದ ಪಟ್ಟಿಬಾಗಿಲು ಇಟ್ಟರೆ ಒಳಗಿನ ಎಣ್ಣೆ ಬೆಲ್ಲಗಳೂ ಕೆಡದೆ ಉಳಿಯುವುವು.

ಯಾವ ಊರಾದರೂ ಸರಿಯೆ, ಕಪಾಟಿನೊಳಗೆ ಗ್ಯಾಸಿನ ಸಿಲಿಂಡರನ್ನು ಇಡುವವರು ಒಂದು ಎಚ್ಚರಿಕೆಯನ್ನು ಮರೆಯಕೂಡದು. ಆ ಅನಿಲವು ಗಾಳಿಗಿಂತ ಭಾರವಾದುದು; ಸೋರಿದರೆ ಮೇಲಕ್ಕೆ ಏರದು, ಅಡಿಯಲ್ಲಿ ನೀರಿನಂತೆ ಮಡುಗಟ್ಟುವುದು. ಮೇಲೆ ಎಷ್ಟು ಕಿಂಡಿಗಳನ್ನು ಬಿಟ್ಟರೂ ಪ್ರಯೋಜನವಿಲ್ಲ. ಬಾಗಿಲಿನ ಕೆಳಭಾಗದಲ್ಲಿ, ನೆಲಕ್ಕೆ ಸಮವಾಗಿ, ಎದುರುಬದುರಾದ ಎರಡು ಕಡೆ ಅಂಗೈಯಗಲದ ಕಿಂಡಿಗಳನ್ನು ಬಿಡಿಸಬೇಕು. ಹಿತ್ತಿಲೆಂದ ಮೇಲೆ ಇಲಿ ಹಾವುಗಳ ಸಂಚಾರವೂ ಇದ್ದೇ ಇರುವುದರಿಂದ ಆ ಕಿಂಡಿಗಳಿಗೆ ೩೦೪ರ ಜಾಲರಿಯನ್ನು ಒಳಗಿನಿಂದ ತಿರುಪುಮೊಳೆ ಹಾಕಿ ಬಿಗಿಸಿರಿ. ಅಂಟಿನಿಂದ ಹಚ್ಚಿದ ಜಾಲರಿಯು ಮೊದಲನೆಯ ಮಳೆಗಾಲದಲ್ಲಿಯೇ ಬಿಟ್ಟುಬರುವುದು.